ಗುಂಟೆ ಲೆಕ್ಕದ ಲಿಸ್ಪ್ ಯಾವ ಫೋಲ್ಡರಿನಾಗ ಐತಿ?

ಆಟೋಕ್ಯಾಡ್‌ಗೆ ಪ್ಲಗಿನ್ ಬರೆಯೋರು ನಮ್ಮೊಳಗೆ ಬೇಕಾದಷ್ಟು ಮಂದಿ ಇದ್ದೀವಿ. ಇಡೋ ಜಾಗ ಮಾತ್ರ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಇಲ್ಲಾ ಯಾರದೋ ಪೆನ್‌ಡ್ರೈವ್. ಇದು ಬರೀ ಶಿಸ್ತಿನ ಮಾತಲ್ಲ ನೋಡ್ರಿ.

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲ ಅಳೆದರೆ ಉತ್ತರ ಎಕರೆ-ಗುಂಟೆಯಲ್ಲೇ ಬೇಕು. ಆಟೋಕ್ಯಾಡ್‌ಗೆ ಗುಂಟೆ ಗೊತ್ತಿಲ್ಲ, ಅದಕ್ಕೇ ಒಂದು ಲಿಸ್ಪ್ ಫೈಲ್ ಬರೀತೀವಿ. 1 ಗುಂಟೆ ಅಂದರೆ 1,089 ಚದರ ಅಡಿ, ಸುಮಾರು 101.17 ಚದರ ಮೀಟರ್. ಅಡಿಯದೊಂದು, ಮೀಟರಿನದೊಂದು ಫೈಲ್ ಇದ್ದು ಎರಡರಲ್ಲೂ ಕಮಾಂಡ್ ಹೆಸರು ಒಂದೇ ಆದರೆ, ಕೊನೆಗೆ ಲೋಡ್ ಆದದ್ದೇ ನಡೆಯುತ್ತದೆ. ಯಾವ ಎಚ್ಚರಿಕೆಯೂ ಬರೋದಿಲ್ಲ. ಮೀಟರಿನ ನಕ್ಷೆಗೆ ಅಡಿಯ ಫೈಲ್ ಓಡಿದರೆ ಒಂದು ಎಕರೆ ಹೊಲ ನಾಲ್ಕು ಗುಂಟೆಗೂ ಕಡಿಮೆ ತೋರಿಸ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳ್ತದೆ ಬಿಡ್ರಿ. ಹಳೇ ಫೈಲಿನಾಗ ಯಾರೋ 101.17ರ ಬದಲು ಸುಮ್ಮನೆ 100 ಅಂತ ಹಾಕಿದ್ದರೆ? ಹತ್ತು ಎಕರೆಗೆ ನಾಲ್ಕೂವರೆ ಗುಂಟೆಗಿಂತ ಹೆಚ್ಚು ಸುಳ್ಳು ನೆಲ ಕಾಗದದ ಮೇಲೆ ಹುಟ್ಟುತ್ತದೆ. ಬದುವಿಗಾಗಿ ಅಣ್ಣ-ತಮ್ಮಂದಿರು ಕೋರ್ಟ್ ಹತ್ತೋ ಊರುಗಳು ನಮ್ಮವು.

ದಾರಿ ಆಟೋಕ್ಯಾಡ್‌ನಲ್ಲೇ ಇದೆ. ಅಪ್ಲಿಕೇಶನ್‌ಪ್ಲಗಿನ್ಸ್ ಫೋಲ್ಡರಿನೊಳಗೆ, ಹೆಸರಿನ ಕೊನೆಗೆ '.ಬಂಡಲ್' ಇರುವ ಒಂದೇ ಫೋಲ್ಡರ್. ಅದರಲ್ಲಿ ಏನೇನು ಲೋಡ್ ಆಗಬೇಕೆಂದು ಹೇಳುವ ಒಂದು ಎಕ್ಸ್‌ಎಂಎಲ್ ಫೈಲ್, ಜೊತೆಗೆ ಲಿಸ್ಪ್. ತಾನೇ ಲೋಡ್ ಆಗುತ್ತದೆ. ನಮ್ಮ ಅಭಿಪ್ರಾಯ ಇಷ್ಟೇ: ವಿಭಾಗಕ್ಕೊಂದು ಬಂಡಲ್ ಇರಲಿ, ಕಮಾಂಡಿನ ಹೆಸರಿನಲ್ಲೇ ಅಡಿಯೋ ಮೀಟರೋ ಕಾಣಲಿ, ಹಳೇ ಫೈಲುಗಳು ಅದರ ಹೊರಗಿರಲಿ.

ಹಾಂ, ಕಿರಿಕಿರಿ ತಪ್ಪಲಿ ಅಂತ ಇಡೀ ಡೌನ್‌ಲೋಡ್ಸ್ ಫೋಲ್ಡರನ್ನೇ ಟ್ರಸ್ಟೆಡ್ ಲೊಕೇಶನ್ಸ್‌ಗೆ ಸೇರಿಸಿದವರು ಇವತ್ತೇ ತೆಗೀರಿ. ಅಲ್ಲಿಗೆ ಬಂದು ಬೀಳೋ ಯಾವ ಲಿಸ್ಪ್ ಆದರೂ ಕೇಳದೇ ಓಡ್ತದೆ.