ಹೆಂಡತಿ, ಮಕ್ಕಳನ್ನು ಸಾಕ್ಷಿಗೆ ಕರೆಯಬೇಡಿ

ಟಿ.ವಿ. ಹಾಸ್ಯ ಕಾರ್ಯಕ್ರಮಗಳಲ್ಲಿ ಸೀರೆಯುಟ್ಟು ನಗಿಸುವ ನಟರ ಬಗ್ಗೆ ಯಾರಾದರೂ ಕೊಂಕು ನುಡಿದರೆ, ಅವರ ಪರ ನಿಲ್ಲುವವರ ಬಾಯಲ್ಲಿ ಸಿದ್ಧವಾಗಿರುವ ಮಾತೊಂದಿದೆ: ‘ಅವರು ಹಾಗಲ್ಲ, ಮದುವೆಯಾಗಿದೆ, ಮಕ್ಕಳಿದ್ದಾರೆ’. ಕಾಳಜಿಯಿಂದ ಬಂದ ಮಾತೇ ಇರಬಹುದು. ಆದರೆ ಕೊಂಕಿಗಿಂತ ಹೆಚ್ಚು ಕೆಡುಕು ಮಾಡುವುದು ಇದೇ. ಸಲಿಂಗಿಯಾಗಿರುವುದೊಂದು ಆರೋಪ, ಮದುವೆ ಅದರಿಂದ ಖುಲಾಸೆ ಎಂದು ಇದು ಒಪ್ಪಿಕೊಂಡಾಗಿದೆ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಹರಟೆಕಟ್ಟೆಗಳಲ್ಲಿ ವಿಚಾರಣೆ ಇನ್ನೂ ಮುಗಿದಿಲ್ಲ.

ವೇಷ ಅದಲುಬದಲಾದರೆ ಅನುಮಾನ ಬರುವುದು ಸಹಜ ಎನ್ನುವವರು ರಂಗನಟಿ ಆರ್. ನಾಗರತ್ನಮ್ಮನವರನ್ನು ನೆನೆಯುವುದೇ ಇಲ್ಲ. 1958ರಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ಕಂಸ, ರಾವಣರಂಥ ಪಾತ್ರಗಳಲ್ಲಿ ಸ್ವತಃ ನಾಗರತ್ನಮ್ಮನವರೇ ಮೀಸೆ ಹಚ್ಚಿ ಅಬ್ಬರಿಸಿದರು. 2012ರಲ್ಲಿ ಪದ್ಮಶ್ರೀ ಬಂತು. ಅವರ ಬಗ್ಗೆ ಮಾತು ಬಂದಾಗ ನಾವು ಕೊಂಡಾಡುವುದು ಕಂಠವನ್ನು, ರಂಗದ ಮೇಲಿನ ಗತ್ತನ್ನು. ಅವರ ಖಾಸಗಿ ಬದುಕನ್ನು ಕೆದಕಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ವೇಷವೇ ಕಾರಣವಾಗಿದ್ದರೆ ಅನುಮಾನ ಎರಡೂ ಕಡೆ ಹುಟ್ಟಬೇಕಿತ್ತಲ್ಲವೇ? ಹೆಣ್ಣು ಕಂಸನಾದರೆ ಮೇಲೇರಿದಳು, ಗಂಡು ಅಜ್ಜಿಯಾದರೆ ಕೆಳಗಿಳಿದ ಎಂಬ ಲೆಕ್ಕ ನಮ್ಮ ತಲೆಯೊಳಗಿದೆ. ನಟನ ಲೈಂಗಿಕತೆಯ ಕುರಿತ ಕುತೂಹಲದ ಬೇರು ಇರುವುದು ಹೆಣ್ತನದ ಬಗೆಗಿನ ಈ ತಾತ್ಸಾರದಲ್ಲಿ.

ಗಂಭೀರ ಸ್ತ್ರೀಪಾತ್ರದ ಮಾತು ಬೇರೆ ಎಂಬ ವಾದವೂ ಇದೆ. ಸ್ತ್ರೀಪಾತ್ರಗಳಿಗೆ ಹೆಸರಾದ ಮರಾಠಿ ನಟ ಬಾಲಗಂಧರ್ವರು ರಂಗದ ಮೇಲೆ ಉಟ್ಟ ರೀತಿಯಲ್ಲೇ ಸೀರೆ ಉಡಲು ಹೆಂಗಸರು ಹಂಬಲಿಸಿದ್ದು ನಿಜ. ಆದರೆ ಹಾಸ್ಯವೆಂದ ಮಾತ್ರಕ್ಕೆ ಪಾತ್ರ ಅಗ್ಗವಾಗಬೇಕಿಲ್ಲ. ಯಕ್ಷಗಾನದ ಹಾಸ್ಯಗಾರ ಒಮ್ಮೆ ದೂತ, ಒಮ್ಮೆ ಬ್ರಾಹ್ಮಣ, ಇನ್ನೊಮ್ಮೆ ಅಜ್ಜಿ. ಅಲ್ಲಿ ನಗು ಹುಟ್ಟುವುದು ಅಜ್ಜಿಯ ಜಾಣ ಮಾತಿನಿಂದ. ಟಿ.ವಿ. ಸ್ಕಿಟ್‌ಗಳಲ್ಲಿ ಎಷ್ಟೋ ಸಲ ಸೀರೆ ಉಟ್ಟಿದ್ದೇ ಜೋಕು, ಅದರ ಮೇಲೆ ಎದೆಗೆ ತುರುಕಿದ ಬಟ್ಟೆಯ ಬಗ್ಗೆ ನಿರೂಪಕನ ಟೀಕೆ. ಇದಕ್ಕೆ ಬರೆದವರು ಹೊಣೆ, ನಟನಲ್ಲ. ಗಂಡಸರು ಸೀರೆ ಉಡುವುದನ್ನೇ ನಿಲ್ಲಿಸಿ ಎನ್ನುವವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದಾರೆ.

ಕಪಿಲ್ ಶರ್ಮಾ ಅವರ ಹಿಂದಿ ಹಾಸ್ಯ ಕಾರ್ಯಕ್ರಮದಲ್ಲಿ ‘ದಾದಿ’ (ಅಜ್ಜಿ) ಆಗಿ ದೇಶವನ್ನೇ ನಗಿಸಿದವರು ಅಲಿ ಅಸ್ಗರ್. ಅಪ್ಪನ ಹೆಣ್ಣು ವೇಷಕ್ಕಾಗಿ ಶಾಲೆಯಲ್ಲಿ ತಮ್ಮನ್ನು ಛೇಡಿಸಿದ್ದನ್ನು 2022ರಲ್ಲಿ ಡ್ಯಾನ್ಸ್ ಕಾರ್ಯಕ್ರಮವೊಂದರಲ್ಲಿ ಅವರ ಮಕ್ಕಳೇ ಹೇಳಿಕೊಂಡರು. ನಟ ‘ಹಾಗಲ್ಲ’ ಎನ್ನಲು ನಾವು ಯಾರನ್ನು ಸಾಕ್ಷಿಗೆ ಕರೆಯುತ್ತೇವೋ, ಆ ಮಕ್ಕಳೇ ಪೆಟ್ಟು ತಿನ್ನುತ್ತಿದ್ದಾರೆ. ನಟನೊಬ್ಬ ನಿಜಕ್ಕೂ ಸಲಿಂಗಿಯಾಗಿದ್ದರೆ ಹಾಗೆ ಛೇಡಿಸುವುದು ಸರಿಯಾಗಿಬಿಡುತ್ತಿತ್ತೇ? ‘ಮದುವೆಯಾಗಿದೆ’ ಎಂಬ ಸಮರ್ಥನೆಯಲ್ಲಿ ಇದಕ್ಕೆ ಉತ್ತರವಿಲ್ಲ. ನಟನ ತಂಡದಲ್ಲೇ ಸಲಿಂಗಿ ಕಲಾವಿದರೋ ಟ್ರಾನ್ಸ್‌ಜೆಂಡರ್ ಕಲಾವಿದರೋ ಇದ್ದರೆ, ನಿಮ್ಮ ಪರ ಮಾತಾಡುವವರು ಯಾರೂ ಇಲ್ಲ ಎಂದು ಅದು ಸಾರಿ ಹೇಳುತ್ತದೆ.

ಹಾಗಾಗಿ ಸಂದರ್ಶಕರು ‘ಮನೆಯಲ್ಲಿ ಹೆಂಡತಿ ಏನಂತಾರೆ?’ ಎಂಬ ಪ್ರಶ್ನೆಯನ್ನು ಕೈಬಿಡಲಿ. ಆ ಅಜ್ಜಿಯ ದನಿಯನ್ನು ಯಾರಿಂದ ಹಿಡಿದಿರಿ, ಸೆರಗು ಸರಿಪಡಿಸುವ ಆ ಗಳಿಗೆಯನ್ನು ಎಷ್ಟು ತಾಲೀಮು ಮಾಡಿದಿರಿ ಎಂದು ಕೇಳಲಿ. ಹೇಳಲು ಅವರಲ್ಲಿ ಬೇಕಾದಷ್ಟಿದೆ.