ಪಾಠ ಮುಗಿದ ಮೇಲೆ ಒಂದು ಪುಟ

ಬಿ.ಎಡ್. ಪ್ರಶಿಕ್ಷಣಾರ್ಥಿಗಳಷ್ಟು ಕೈಬರಹ ಮಾಡುವವರು ಬೇರೆ ಕೋರ್ಸುಗಳಲ್ಲಿ ಕಡಿಮೆ. ಪಾಠಯೋಜನೆ, ಮೈಕ್ರೋ ಟೀಚಿಂಗ್ ರೆಕಾರ್ಡ್, ಸಹಪಾಠಿಗಳ ಪಾಠ ವೀಕ್ಷಣೆ, ಘಟಕ ಪರೀಕ್ಷೆಯ ನೀಲನಕ್ಷೆ, ಇಂಟರ್ನ್‌ಶಿಪ್ ದಿನಚರಿ, ಕ್ರಿಯಾ ಸಂಶೋಧನೆಯ ವರದಿ ಹೀಗೆ ಪಟ್ಟಿ ಬೆಳೆಯುತ್ತದೆ. ಒಂದು ಸೆಮಿಸ್ಟರ್ ಮುಗಿಯುವುದರೊಳಗೆ ಎಷ್ಟು ಪೆನ್ನು ಖಾಲಿಯಾಯಿತೆಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಇಷ್ಟಾದರೂ ಕಾಲೇಜಿನ ಸಂಚಿಕೆಗೆ ಲೇಖನ ಕೊಡಿ ಎಂದರೆ ವಿಜ್ಞಾನ ವಿಭಾಗದಿಂದ ಬರುವ ಉತ್ತರ ಒಂದೇ: ‘ನಮಗೆ ಬರೆಯೋಕೆ ಬರಲ್ಲ, ಕನ್ನಡ ಮೆಥಡ್‌ನವರನ್ನ ಕೇಳಿ.’

ಈ ಉತ್ತರ ಸುಳ್ಳಲ್ಲ, ವಿನಯವೂ ಅಲ್ಲ. ನಾವು ತುಂಬುತ್ತಿರುವ ಪುಟಗಳಲ್ಲಿ ಹೆಚ್ಚಿನವು ನಮ್ಮ ವಾಕ್ಯಗಳನ್ನು ಕೇಳುವುದೇ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಮುಂದೆ ಶಿಕ್ಷಕರಾಗುವವರು ಬರಹಗಾರರಾಗಿಯೂ ಬೆಳೆಯಬೇಕು, ಅದಕ್ಕೆ ಬೋಧನಾಭ್ಯಾಸದ ದಿನಗಳೇ ಸರಿಯಾದ ಕಾಲ ಎಂಬುದು ನನ್ನ ವಾದ. ಕಥೆ, ಕವನದ ಮಾತನ್ನು ನಾನು ಆಡುತ್ತಿಲ್ಲ. ಒಂದು ಪರಿಕಲ್ಪನೆಯನ್ನು ಹದಿನಾಲ್ಕು ವರ್ಷದ ಮಗುವಿಗೆ ತಿಳಿಯುವ ಹಾಗೆ ನಾಲ್ಕು ವಾಕ್ಯಗಳಲ್ಲಿ ಬರೆಯುವ ಮಾತು ಆಡುತ್ತಿದ್ದೇನೆ.

ಮೊದಲು ನಾವು ಬಂದ ದಾರಿ ನೋಡಿ. ನನ್ನಂತೆ ಅನೇಕರು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ದಿನದಿಂದ ವಿಷಯವೆಲ್ಲ ಇಂಗ್ಲಿಷಿಗೆ ತಿರುಗಿತು. ಬಿ.ಎಸ್ಸಿ.ಯ ಮೂರು ವರ್ಷ ಪ್ರಯೋಗಾಲಯದ ರೆಕಾರ್ಡಿನಲ್ಲಿ ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ ಎಂಬ ನಾಲ್ಕು ತಲೆಬರಹಗಳ ಕೆಳಗೆ ಎಲ್ಲರೂ ಒಂದೇ ವಾಕ್ಯ ಬರೆದೆವು. ಕನ್ನಡದಲ್ಲಿ ವಿಜ್ಞಾನದ ಒಂದು ಪೂರ್ಣ ವಿವರಣೆ ಬರೆದದ್ದು ಕೊನೆಯ ಬಾರಿ ಹತ್ತನೇ ತರಗತಿಯ ಪರೀಕ್ಷೆಯಲ್ಲಿ. ಈಗ ಬಿ.ಎಡ್. ಮುಗಿಸಿ ಸರ್ಕಾರಿ ಪ್ರೌಢಶಾಲೆಗೆ ಹೋದರೆ ಮತ್ತೆ ಕನ್ನಡದಲ್ಲೇ ಕಲಿಸಬೇಕು. ಎಂದರೆ ವಿಷಯಜ್ಞಾನ ಇಪ್ಪತ್ತೊಂದು ವರ್ಷದ್ದು, ಅದನ್ನು ಹೇಳುವ ಭಾಷೆ ಹದಿನಾರು ವರ್ಷದ್ದು. ನಡುವಿನ ಈ ಅಂತರವನ್ನು ಮಾತಿನಲ್ಲಿ ಹೇಗೋ ದಾಟಬಹುದು. ಕೈ ಆಡಿಸಿ, ಇಂಗ್ಲಿಷ್ ಪದ ಸೇರಿಸಿ, ‘ಅರ್ಥ ಆಯ್ತಾ?’ ಎಂದು ಕೇಳಿ ಮುಂದೆ ಹೋಗಬಹುದು. ಬರಹದಲ್ಲಿ ಹಾಗೆ ದಾಟಲು ಬರುವುದಿಲ್ಲ.

ಎರಡನೆಯದಾಗಿ, ಶಿಕ್ಷಕರು ಬರಹಗಾರರಾಗಬೇಕೇ ಎಂಬ ಪ್ರಶ್ನೆಗೆ ಶಾಲೆ ಆಗಲೇ ಉತ್ತರ ಕೊಟ್ಟುಬಿಟ್ಟಿದೆ. ಪಾಠದ ಕೊನೆಗೆ ಕಪ್ಪುಹಲಗೆಯ ಮೇಲೆ ಬರೆಯುವ ಸಾರಾಂಶ ಅಥವಾ ಬಾಯಲ್ಲಿ ಹೇಳಿ ಬರೆಸುವ ನೋಟ್ಸ್, ಅದು ಬರಹವೇ ಅಲ್ಲವೇ? ನಲವತ್ತು ಮಕ್ಕಳು ಅದನ್ನು ಚಾಚೂ ತಪ್ಪದೆ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಮನೆಯಲ್ಲಿ ಗಟ್ಟಿಯಾಗಿ ಓದುತ್ತಾರೆ, ಪರೀಕ್ಷೆಯಲ್ಲಿ ‘ಕಾರಣ ಕೊಡಿ’ ಎಂಬ ಪ್ರಶ್ನೆಗೆ ಅದನ್ನೇ ಬರೆಯುತ್ತಾರೆ. ಒಬ್ಬ ಲೇಖಕನಿಗೆ ಇಷ್ಟು ಶ್ರದ್ಧೆಯ ಓದುಗರು ಸಿಗುವುದು ಕಷ್ಟ. ಆ ವಾಕ್ಯ ಮಸುಕಾಗಿದ್ದರೆ ಮಸುಕು ನಲವತ್ತು ನೋಟ್‌ಬುಕ್ಕಿಗೆ ಹಂಚಿಹೋಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಘಟಕದ ಹೊತ್ತಿಗೆ ಮಕ್ಕಳ ಮುಂದೆ ಮೂರು ಪದಗಳಿರುತ್ತವೆ: ಬಲ, ಶಕ್ತಿ, ಸಾಮರ್ಥ್ಯ. ಭೌತವಿಜ್ಞಾನದಲ್ಲಿ ಇವು ಮೂರೂ ಬೇರೆ ಬೇರೆ. ಬಲವನ್ನು ನ್ಯೂಟನ್‌ನಲ್ಲಿ, ಶಕ್ತಿಯನ್ನು ಜೂಲ್‌ನಲ್ಲಿ, ಸಾಮರ್ಥ್ಯವನ್ನು ವ್ಯಾಟ್‌ನಲ್ಲಿ ಅಳೆಯುತ್ತೇವೆ. ಮನೆಯ ಕನ್ನಡದಲ್ಲಿ ಈ ಮೂರಕ್ಕೂ ಹೆಚ್ಚು ಕಡಿಮೆ ಒಂದೇ ಅರ್ಥ. ‘ಮೈಯಲ್ಲಿ ಬಲ ಇಲ್ಲ’, ‘ಶಕ್ತಿ ಇಲ್ಲ’, ‘ಅಷ್ಟು ಸಾಮರ್ಥ್ಯ ಇಲ್ಲ’ ಎಂದು ಯಾವುದನ್ನು ಬೇಕಾದರೂ ಹೇಳಬಹುದು. ಇಂಗ್ಲಿಷಿನಲ್ಲಿ ಈ ಘಟಕ ಓದಿದ ನಮಗೆ ಈ ತೊಡಕು ಎದುರಾಗಿರಲಿಲ್ಲ, ಏಕೆಂದರೆ ಆ ಮೂರು ಇಂಗ್ಲಿಷ್ ಪದಗಳನ್ನು ನಾವು ಮನೆಯಿಂದ ತಂದಿರಲಿಲ್ಲ. ಕನ್ನಡದ ಮಗು ಮೂರನ್ನೂ ಮನೆಯಿಂದಲೇ ತಂದಿರುತ್ತದೆ. ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಗಳು ಸಾಮರ್ಥ್ಯದ ಅರ್ಥವನ್ನು ಸ್ಮರಿಸಿಕೊಳ್ಳುವರು’ ಎಂದು ಬರೆದರೆ ಕಾಲಂ ತುಂಬುತ್ತದೆ, ಈ ತೊಡಕು ಕಾಣುವುದಿಲ್ಲ.

ಅದೇ ವಿಷಯವನ್ನು ಮಗುವಿಗೆಂದು ಬರೆಯಲು ಕೂತಾಗ ತೊಡಕು ತಾನಾಗಿ ಎದುರು ಬಂದು ನಿಲ್ಲುತ್ತದೆ. ಇಂಟರ್ನ್‌ಶಿಪ್‌ನಲ್ಲಿ ನಾನು ಬರೆದುಕೊಂಡ ವಿವರಣೆ ಹೀಗಿತ್ತು: ಬಾವಿಯಲ್ಲಿ ನೀರು ಐದು ಮೀಟರ್ ಆಳದಲ್ಲಿದೆ. ಹತ್ತು ಕಿಲೋಗ್ರಾಂ ತೂಗುವ ತುಂಬಿದ ಕೊಡವನ್ನು ಮೇಲಕ್ಕೆ ಸೇದಲು ಸುಮಾರು 100 ನ್ಯೂಟನ್ ಬಲ ಬೇಕು. ಮೇಲೆ ಬರುವಷ್ಟರಲ್ಲಿ ಸುಮಾರು 500 ಜೂಲ್ ಕೆಲಸವಾಗಿರುತ್ತದೆ, ಅಷ್ಟು ಶಕ್ತಿ ಕೊಡಕ್ಕೆ ಸೇರಿರುತ್ತದೆ. ಅಕ್ಕ ಅದನ್ನು ಹತ್ತು ಸೆಕೆಂಡಿನಲ್ಲಿ ಸೇದಿದರೆ ಅವಳ ಸಾಮರ್ಥ್ಯ 50 ವ್ಯಾಟ್. ತಂಗಿ ಇಪ್ಪತ್ತು ಸೆಕೆಂಡು ತೆಗೆದುಕೊಂಡರೆ 25 ವ್ಯಾಟ್. ಇಬ್ಬರೂ ಮಾಡಿದ ಕೆಲಸ ಒಂದೇ, ಕೊಟ್ಟ ಶಕ್ತಿ ಒಂದೇ, ಸಾಮರ್ಥ್ಯ ಮಾತ್ರ ಬೇರೆ.

ಇದರಲ್ಲಿ ಸಾಹಿತ್ಯವೇನೂ ಇಲ್ಲ. ಆದರೆ ಕೊಡ, ಆಳ, ಹೊತ್ತು ಎಲ್ಲವನ್ನೂ ನಾನೇ ಆರಿಸಬೇಕಾಯಿತು. ಲಿಫ್ಟಿನ ಉದಾಹರಣೆ ಬೇಡ, ಆ ಊರಲ್ಲಿ ಲಿಫ್ಟ್ ಇಲ್ಲ ಎಂದು ಯೋಚಿಸಬೇಕಾಯಿತು. ಬರವಣಿಗೆ ಎಂದರೆ ಹೀಗೆ ಆರಿಸುವುದು, ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದನ್ನು ಬಿಡದೆ ಹಿಡಿದುಕೊಳ್ಳುವುದು.

ಪಾಠ ಮುಗಿದ ಮೇಲೆ ಬರೆಯುವ ಪುಟದ ಬೆಲೆ ನನಗೆ ತಿಳಿದದ್ದೂ ಇದೇ ಘಟಕದಲ್ಲಿ. ಈ ವಿವರಣೆ ಕೇಳಿದ ಒಬ್ಬ ಹುಡುಗಿ ಹೀಗೆ ಕೇಳಿದಳು: ‘ಮಿಸ್, ನಮ್ಮಜ್ಜಿ ನಂಗೆ ಶಕ್ತಿ ಇಲ್ಲ ಕಣೇ ಅಂತಾನೇ ಇರ್ತಾರೆ. ಆದ್ರೆ ನಿಧಾನಕ್ಕೆ ಹತ್ತು ಕೊಡ ಸೇದಿ ಹಾಕ್ತಾರೆ. ಹಂಗಾದ್ರೆ ಅವರಿಗೆ ಕಮ್ಮಿ ಆಗಿರೋದು ಶಕ್ತಿನಾ, ಸಾಮರ್ಥ್ಯನಾ?’ ಅವತ್ತು ಸಂಜೆ ಆ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದಿಟ್ಟೆ. ಅದರ ಕೆಳಗೆ, ಇಡೀ ತರಗತಿಗೆ ಇದನ್ನೇ ಮೊದಲ ಪ್ರಶ್ನೆಯಾಗಿ ಕೇಳಬಹುದು ಎಂದು ಬರೆದೆ. ಇನ್ನೊಂದು ವಿಭಾಗದಲ್ಲಿ ಅದೇ ಪಾಠ ಮಾಡುವಾಗ ವ್ಯಾಖ್ಯೆಯನ್ನು ಬದಿಗಿಟ್ಟು ಅಜ್ಜಿಯಿಂದಲೇ ಆರಂಭಿಸಿದೆ. ಮಕ್ಕಳು ತಾವಾಗಿಯೇ ‘ಹೊತ್ತು ಎಷ್ಟು ಹಿಡಿತು ಅಂತ ನೋಡ್ಬೇಕು ಮಿಸ್’ ಎಂಬಲ್ಲಿಗೆ ಬಂದರು. ಆ ಸಂಜೆ ಬರೆದಿಡದಿದ್ದರೆ ಪ್ರಶ್ನೆ ಸ್ಟಾಫ್‌ರೂಮಿನ ಒಂದು ನಗುವಿನಲ್ಲಿ ಮುಗಿದುಹೋಗುತ್ತಿತ್ತು.

ಇದಕ್ಕೆ ಬರುವ ಆಕ್ಷೇಪಗಳೂ ಹಗುರವಾದವಲ್ಲ. ಮೊದಲನೆಯದು ಸಮಯ. ಶಾಲೆಯಿಂದ ಬಂದು, ಮರುದಿನದ ಯೋಜನೆ ಬರೆದು, ಚಾರ್ಟ್ ಮಾಡಿ, ಹಾಸ್ಟೆಲಿನ ಊಟದ ಹೊತ್ತು ತಪ್ಪಿಸಿಕೊಳ್ಳದೆ ಇರುವುದೇ ಸಾಹಸ. ಇನ್ನೊಂದು ಪುಟ ಸೇರಿಸಿದರೆ ಅದೂ ಇನ್ನೊಂದು ರೆಕಾರ್ಡ್ ಆಗುತ್ತದೆ, ಅದೂ ಒಬ್ಬರಿಂದ ಒಬ್ಬರಿಗೆ ವಾಟ್ಸ್ಯಾಪ್‌ನಲ್ಲಿ ಹರಿದಾಡುತ್ತದೆ ಎನ್ನುವವರಿದ್ದಾರೆ. ಈ ಭಯ ನ್ಯಾಯವಾದದ್ದು. ಆದ್ದರಿಂದಲೇ ನಾನು ಸೇರಿಸುವ ಮಾತಾಡುತ್ತಿಲ್ಲ, ಬದಲಿಸುವ ಮಾತಾಡುತ್ತಿದ್ದೇನೆ. ಯೋಜನೆಯ ಮಾದರಿ ಕೈಗೆ ಹತ್ತಿದ ಮೇಲೂ ಅದೇ ಮಾದರಿಯನ್ನು ಮತ್ತೆ ಮತ್ತೆ ವಿಸ್ತಾರವಾಗಿ ಬರೆಸುವುದರಿಂದ ಹೊಸದಾಗಿ ಸಿಗುವುದು ಸ್ವಲ್ಪ. ಅಲ್ಲಿ ಉಳಿಸಿದ ಸಮಯವನ್ನು ಈ ಪುಟಕ್ಕೆ ಕೊಡಬಹುದು.

ಎರಡನೆಯ ಆಕ್ಷೇಪ ನಮ್ಮ ಹಿರಿಯ ಉಪನ್ಯಾಸಕರೊಬ್ಬರದು. ಒಳ್ಳೆಯ ಪಾಠಯೋಜನೆಯನ್ನು ನೋಡಿ ಬರೆಯುವುದೂ ಕಲಿಕೆಯೇ, ಸಂಗೀತ ಕಲಿಯುವವರು ಮೊದಲು ಸರಳೆ, ಜಂಟಿವರಸೆ ಹಾಡುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಒಪ್ಪುತ್ತೇನೆ. ಐದು ಇ ಮಾದರಿಯ ಹಂತಗಳು ಮೊದಲು ಅನುಕರಣೆಯಿಂದಲೇ ಬರುತ್ತವೆ. ಆದರೆ ಸರಳೆ ಹಾಡುವವರ ಧ್ವನಿ ಅವರದೇ ಆಗಿರುತ್ತದೆ, ಗುರು ಅದನ್ನು ಕೇಳಿ ತಿದ್ದುತ್ತಾರೆ. ನಕಲು ಮಾಡಿದ ಪುಟದಲ್ಲಿ ತಿದ್ದಲು ನಮ್ಮ ಧ್ವನಿಯೇ ಇರುವುದಿಲ್ಲ.

ಮೂರನೆಯದು, ಬರವಣಿಗೆ ಭಾಷಾ ಶಿಕ್ಷಕರ ಕೆಲಸ ಎಂಬುದು. ಕನ್ನಡದ ವಿಜ್ಞಾನ ಬರಹದ ಇತಿಹಾಸ ಇದನ್ನು ಒಪ್ಪುವುದಿಲ್ಲ. 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಾಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ‘ಬಾಲವಿಜ್ಞಾನ’ದ ಸಂಪಾದಕರಾಗಿದ್ದ ಜೆ.ಆರ್. ಲಕ್ಷ್ಮಣರಾಯರು ಕಲಿಸುತ್ತಿದ್ದದ್ದು ರಸಾಯನವಿಜ್ಞಾನ. ಜಿ.ಟಿ. ನಾರಾಯಣರಾಯರು ಗಣಿತದ ಮೇಷ್ಟ್ರು. ಬಿ.ಜಿ.ಎಲ್. ಸ್ವಾಮಿಯವರು ಸಸ್ಯವಿಜ್ಞಾನದ ಪ್ರಾಧ್ಯಾಪಕರು. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಂದಿಗೆ ಕಾಡು ಬೆಟ್ಟ ಸುತ್ತಿದ ಅಧ್ಯಯನ ಪ್ರವಾಸಗಳ ಪುಸ್ತಕ. ತರಗತಿ, ಪ್ರವಾಸ, ಮಕ್ಕಳ ಪ್ರಶ್ನೆ, ಇವೇ ಅವರ ಬರಹಕ್ಕೆ ಬಂಡವಾಳ. ಆ ಬಂಡವಾಳ ನಮ್ಮ ಬಳಿಯೂ ಇದೆ. ನಾವು ಅವರಷ್ಟು ದೊಡ್ಡವರಾಗುತ್ತೇವೆಂದು ಹೇಳುತ್ತಿಲ್ಲ. ಆದರೆ ಬರೆಯುವುದು ನಮ್ಮ ವಿಷಯದ ಹೊರಗಿನ ಕೆಲಸ ಎಂದು ಇನ್ನು ಹೇಳುವ ಹಾಗಿಲ್ಲ.

ಪಠ್ಯಕ್ರಮವೂ ಇದಕ್ಕೆ ಅಡ್ಡಿಯಾಗಿಲ್ಲ. ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿದ 2014ರ ಎನ್‌ಸಿಟಿಇ ಚೌಕಟ್ಟಿನಲ್ಲಿ ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ಪತ್ರಿಕೆ ಇದೆ; ಓದಿದ್ದರ ಬಗ್ಗೆ ಚಿಂತಿಸಿ ಬರೆಯುವುದಕ್ಕೆಂದೇ ಇನ್ನೊಂದು ಇದೆ. ಪ್ರತಿಯೊಬ್ಬ ವಿಷಯ ಶಿಕ್ಷಕರೂ ಭಾಷೆಯನ್ನು ಕಲಿಸುತ್ತಿರುತ್ತಾರೆ ಎಂಬುದು ಅಲ್ಲಿನ ಆಶಯ. ಅದನ್ನು ಪರೀಕ್ಷೆಯ ಪ್ರಶ್ನೆಯಾಗಿ ಓದಿ ಬಿಡುವ ಬದಲು ಬೋಧನಾಭ್ಯಾಸಕ್ಕೆ ಇಳಿಸಬೇಕು, ಅಷ್ಟೆ.

ಹೇಗೆ ಇಳಿಸಬಹುದೆಂದು ಮುಂದಿನ ತಂಡದ ಇಂಟರ್ನ್‌ಶಿಪ್‌ಗಾಗಿ ನಮ್ಮ ಕಾಲೇಜಿನ ಮುಂದೆ ನಾಲ್ಕು ಸಣ್ಣ ಸಲಹೆಗಳನ್ನು ಇಡುತ್ತೇನೆ.

ಒಂದು, ಪ್ರತಿದಿನ ಬೇಡ. ವಾರಕ್ಕೆ ಒಂದು ಪಾಠವನ್ನು ಆರಿಸಿಕೊಂಡು, ಅದು ಮುಗಿದ ದಿನವೇ ಒಂದು ಪುಟ ಬರೆಯಬೇಕು. ಅದರಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ಮಾತಾದರೂ ಆಡಿದ ಹಾಗೆಯೇ ಇರಬೇಕು. ಮಗುವಿನ ಮಾತನ್ನು ನಕಲು ಮಾಡಲು ಹಿಂದಿನ ವರ್ಷದ ರೆಕಾರ್ಡ್ ಸಹಾಯ ಮಾಡುವುದಿಲ್ಲ.

ಎರಡು, ಅದೇ ಪುಟದಲ್ಲಿ ಆ ದಿನದ ಒಂದು ಪರಿಕಲ್ಪನೆಯನ್ನು ಮಗುವಿಗೆಂದು ನಾಲ್ಕೈದು ವಾಕ್ಯಗಳಲ್ಲಿ ಬರೆಯಬೇಕು. ಪಾರಿಭಾಷಿಕ ಪದ ಪಠ್ಯಪುಸ್ತಕದ್ದೇ ಇರಲಿ. ಪರೀಕ್ಷೆಯಲ್ಲಿ ಮಕ್ಕಳಿಗೆ ಅದೇ ಬೇಕು. ಉಳಿದ ಮಾತು ಆ ಊರಿನದಾಗಿರಲಿ.

ಮೂರು, ಶನಿವಾರದ ಸಭೆಯಲ್ಲಿ ಇಬ್ಬರು ತಮ್ಮ ಪುಟವನ್ನು ಗಟ್ಟಿಯಾಗಿ ಓದಬೇಕು, ಒಬ್ಬರು ವಿಜ್ಞಾನದವರು, ಒಬ್ಬರು ಭಾಷೆಯವರು. ಓದುವಾಗ ಉಸಿರು ಎಲ್ಲಿ ಕಟ್ಟುತ್ತದೋ ಆ ವಾಕ್ಯ ಮಗುವಿಗೂ ಉದ್ದವಾಯಿತೆಂದು ತಿಳಿಯುತ್ತದೆ. ಕನ್ನಡ ಮೆಥಡ್‌ನ ಗೆಳೆಯರಿಂದ ನಾವು ವಾಕ್ಯ ಕಲಿಯಬಹುದು. ‘ಇದು ನನಗೇ ಅರ್ಥವಾಗಲಿಲ್ಲ’ ಎಂದು ಹೇಳಬಲ್ಲ ಮೊದಲ ಓದುಗರೂ ಅವರೇ.

ನಾಲ್ಕು, ಈ ಪುಟಕ್ಕೆ ಅಂಕ ಬೇಡ, ಮಾರ್ಜಿನ್ ಗೆರೆ ಬೇಡ, ಬಣ್ಣದ ಪೆನ್ನು ಬೇಡ. ಓದಿದ ಉಪನ್ಯಾಸಕರು ಸಹಿಯ ಬದಲು ಒಂದು ಪ್ರಶ್ನೆ ಬರೆದರೆ ಸಾಕು. ಅಂಕ ಬಂದರೆ ಚೆನ್ನಾಗಿ ನಡೆದ ಪಾಠಗಳಷ್ಟೇ ಪುಟಕ್ಕೆ ಬರುತ್ತವೆ.

ಇಷ್ಟು ಮಾಡಿದರೆ ಇಂಟರ್ನ್‌ಶಿಪ್ ಮುಗಿಯುವಾಗ ಪ್ರತಿಯೊಬ್ಬರ ಕೈಯಲ್ಲಿ ಹತ್ತು ಹನ್ನೆರಡು ಪುಟ ಇರುತ್ತದೆ. ಪಾಠಯೋಜನೆಯ ರೆಕಾರ್ಡುಗಳು ಪ್ರಾಯೋಗಿಕ ಪರೀಕ್ಷೆಯ ನಂತರ ಕಾಲೇಜಿನ ಕಪಾಟು ಸೇರುತ್ತವೆ. ಈ ಪುಟಗಳನ್ನು ನಾವು ಕೆಲಸಕ್ಕೆ ಸೇರಿದ ಶಾಲೆಗೆ ತೆಗೆದುಕೊಂಡು ಹೋಗುತ್ತೇವೆ, ಏಕೆಂದರೆ ಅಲ್ಲಿಯೂ ಒಂಬತ್ತನೇ ತರಗತಿ ಇರುತ್ತದೆ, ಅಲ್ಲಿಯೂ ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಮನೆಯಿಂದ ತಂದ ಮಕ್ಕಳು ಕೂತಿರುತ್ತಾರೆ. ಆಗ ನಮ್ಮ ಕೈಗೆ ಬೇಕಾಗುವುದು ನಾವೇ ಬರೆದ, ಒಮ್ಮೆ ತರಗತಿಯಲ್ಲಿ ಪರೀಕ್ಷೆಗೆ ಒಡ್ಡಿದ ನಾಲ್ಕು ವಾಕ್ಯ. ಮುಂದಿನ ತಂಡದ ಗೆಳೆಯರು ಕಾಲೇಜಿನ ಆದೇಶಕ್ಕೆ ಕಾಯದೆ ಈ ವಾರದ ಒಂದು ಪಾಠದಿಂದಲೇ ಇದನ್ನು ಆರಂಭಿಸಬಹುದು.