ನನ್ನ ತಂಗೀ ಕಾಲೇಜು ಟೈಮ್‌ಪಾಸ್ ಅಲ್ಲರೀ

ಹೋದ ವಾರ ಒಂದು ಮುಂಜಿವಿಗೆ ಹೋಗಿದ್ದೆ. ಊಟದ ಪಂಕ್ತಿಯೊಳಗ ನನ್ನ ಬಾಜೂಕ ಕೂತ ಕಾಕು ಒಬ್ಬರು, ಕೋಸಂಬರಿ ಬಡಿಸೂದರಾಗ ಕೇಳಿದ್ರು: "ಏನವಾ, ನಿನ್ನ ತಂಗಿ ಅಮೆರಿಕಾದಾಗ ಇನ್ನೂ ಕಾಲೇಜಿಗೆ ಹೋಗತಾಳಂತ? ಮಗ ಕಾಲೇಜಿಗೆ ಹೋಗೂ ವಯಸ್ಸಿನಾಗ ತಾಯಿ ಹೋದ್ರ ಹೆಂಗ? ಅದೂ ಸಮಾಜ ಸೇವಾ ಕಲೀಲಿಕ್ಕೆ! ಸೇವಾ ಮಾಡಲಿಕ್ಕೆ ಡಿಗ್ರಿ ಯಾಕ ಬೇಕು?" ಎದುರಿನ ಸಾಲಿನವರೂ ನಕ್ಕರು. ನಾನೂ ನಕ್ಕೆ. ಆದ್ರ ರಾತ್ರಿ ಭಾಂಡಿ ತಿಕ್ಕೋತ ನಿಂತಾಗ ನನಗ ನನ್ನ ಮ್ಯಾಲೇ ಸಿಟ್ಟು ಬಂತು. ಉತ್ತರ ಗೊತ್ತಿದ್ದೂ ಹೇಳಲಿಲ್ಲ ನೋಡ್ರಿ. ಅದಕ್ಕ ಇವತ್ತ ಬರೀಲಿಕ್ಕತ್ತೀನಿ.

ಮೊದಲು ನನ್ನ ತಪ್ಪು ಒಪ್ಪಿಕೋತೀನಿ. ಏಳು ವರ್ಷದ ಹಿಂದ ತಂಗಿ ಕ್ಯಾಲಿಫೋರ್ನಿಯಾದಿಂದ ಫೋನ್ ಮಾಡಿ, "ಅಕ್ಕಾ, ನಾ ಇಲ್ಲೆ ಕಮ್ಯುನಿಟಿ ಕಾಲೇಜಿಗೆ ಹೆಸರು ಹಚ್ಚೀನಿ" ಅಂದ್ಲು. ಕಮ್ಯುನಿಟಿ ಕಾಲೇಜು ಅಂದ್ರ ನಮ್ಮ ಓಣ್ಯಾಗಿನ ಹೊಲಿಗಿ ಕ್ಲಾಸ್ ಇದ್ದಂಗ ಏನೋ ಇರಬೇಕು ಅಂತ ತಿಳಕೊಂಡು, "ಛಲೋ ಆತು ಬಿಡ, ಹೊತ್ತು ಹೋಗತದ" ಅಂದುಬಿಟ್ಟೆ. ಅಕಿ ಒಂದು ಗಳಿಗಿ ಸುಮ್ಮನಾದ್ಲು. ಆಮ್ಯಾಲೆ ಎರಡು ವರ್ಷ ಕಾಲೇಜಿನ ಮಾತು ನನ್ನ ಮುಂದ ತೆಗೀಲೇ ಇಲ್ಲ. ಬಿ.ಎ. ಮೊದಲ ವರ್ಷ ಮುಗಿಯೂದರಾಗ ಲಗ್ನಾಗಿ ಹೋದಾಕಿ ಅಕಿ. ನಂದು ಪಿಯುಸಿಗೇ ನಿಂತಿತ್ತು. ಓದು ಅರ್ಧಕ್ಕ ಬಿಟ್ಟವರ ಸಂಕಟ ನನಗ ಗೊತ್ತಿರಬೇಕಿತ್ತು, ಆದ್ರ ಅದೇ ಮಾತು ನನ್ನ ಬಾಯಿಂದ ಬಂತು.

ಮೂರು ವರ್ಷದ ಹಿಂದ ನಾ ಅಕಿ ಹತ್ರ ಆರು ತಿಂಗಳು ಹೋಗಿದ್ದೆ. ಆವಾಗ ಕಣ್ಣಾರೆ ನೋಡಿದೆ. ಕ್ಯಾಲಿಫೋರ್ನಿಯಾ ಒಂದೇ ರಾಜ್ಯದಾಗ ಇಂಥಾ ಸರಕಾರಿ ಕಾಲೇಜು 116 ಅವ. 18 ವರ್ಷ ತುಂಬಿದ ಯಾರು ಬೇಕಾದ್ರೂ ಸೇರಬಹುದು. ಮೂವತ್ತು ವರ್ಷದ ಹಿಂದಿನ ನಿಮ್ಮ ಮಾರ್ಕ್ಸ್ ಎಷ್ಟು ಅಂತ ನೋಡಿ ಯಾರೂ ವಾಪಸ್ ಕಳಸೂದಿಲ್ಲ. ಆ ರಾಜ್ಯದ ರಹವಾಸಿಗಳಿಗೆ ಫೀ ಒಂದು ಯೂನಿಟ್ಟಿಗೆ 46 ಡಾಲರ್, ಕಡಿಮಿ ಉತ್ಪನ್ನ ಇದ್ದವರಿಗೆ ಅದೂ ಮಾಫಿ ಆಗತದ. ಹೊರಗಿನವರಿಗೆ ಭಾಳ ಹೆಚ್ಚು. ಒಂದು ವಿಷಯ ಸಾಮಾನ್ಯವಾಗಿ 3 ಯೂನಿಟ್. ಸಂಜಿ ಕ್ಲಾಸಿನಾಗ ತಂಗೀ ಆಜೂಬಾಜೂ ಯಾರು ಕೂಡತಿದ್ರು ಅಂತೀರಿ? ದಂಡಿನಿಂದ ಬಿಟ್ಟು ಬಂದ ಹುಡುಗ, ಎರಡು ಕೂಸಿನ ತಾಯಿ, ಅರವತ್ತು ದಾಟಿದ ಅಜ್ಜಿ. ಅಲ್ಲೆ ವಯಸ್ಸು ಕೇಳವರು ಯಾರೂ ಇಲ್ಲ.

ಇದರ ಹೂರಣ ಎಲ್ಲೆ ಅದ ಅಂದ್ರ 'ಟ್ರಾನ್ಸ್‌ಫರ್' ಅನ್ನೂದರಾಗ. ಅಲ್ಲೀ ಬ್ಯಾಚುಲರ್ ಡಿಗ್ರಿಗೆ ಸಾಧಾರಣ 120 ಯೂನಿಟ್ ಬೇಕು. ಅದರಾಗಿನ ಮೊದಲ 60 ಈ ಸಣ್ಣ ಕಾಲೇಜಿನಾಗ, ಕಡಿಮಿ ರೊಕ್ಕದಾಗ, ನಿಮ್ಮ ಅನುಕೂಲದ ಪ್ರಕಾರ ಮುಗಸಬಹುದು. ಆಮ್ಯಾಲೆ ಯುನಿವರ್ಸಿಟಿಗೆ ಸೀದಾ ಮೂರನೇ ವರ್ಷಕ್ಕ ಹೋಗತೀರಿ. ಸೋಶಿಯಲ್ ವರ್ಕ್ ಕಲಿಯವರಿಗೆ ಅಂತನ ವರ್ಗಾವಣೆಯ ಅಸೋಸಿಯೇಟ್ ಡಿಗ್ರಿ ಬ್ಯಾರೆ ಅದ. ಅದನ್ನ ಪೂರಾ ಮಾಡಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿಯೊಳಗ ಒಂದು ಜಾಗಾ ಖಾತ್ರಿ. 2010ರಾಗ ಆದ ಕಾಯ್ದೆ ಅದು. ಅಕಿ ಒಂದೊಂದು ಅವಧಿಗೆ ಎರಡೇ ವಿಷಯ ತಗೊಂಡು, ಮಗನ ಸಾಲಿ, ಗಂಡನ ಡಬ್ಬಿ, ಮನಿಗೆ ಬಂದುಹೋಗವರು ಎಲ್ಲಾ ಸಂಭಾಳಿಸಿಕೋತ ಐದು ವರ್ಷಕ್ಕ ಆ 60 ಮುಗಿಸಿದ್ಲು.

ಆದ್ರ ಕೇಳಿದಷ್ಟು ಸರಳ ಇಲ್ಲರೀ ಇದು. ಇಲ್ಲೇ ಅಕಿ ಎಡವಿದ್ಲು. ನಿಮ್ಮ ಮಗಳೋ ಸೊಸಿಯೋ ಅಲ್ಲೆ ಈ ದಾರಿ ಹಿಡದಿದ್ರ ಇದನ್ನ ಅವರಿಗೆ ಓದಿ ಹೇಳ್ರಿ. ಮೊದಲನೇ ವರ್ಷ ಕೌಂಟರಿನಾಗ ಕೂತವರೊಬ್ಬರು, "ಸಮಾಜಕಾರ್ಯಕ್ಕ ಸಂಬಂಧಪಟ್ಟ ಕೋರ್ಸ್ ಎಲ್ಲಾ ಒಂದೇ, ಯಾವುದು ತಗೊಂಡ್ರೂ ನಡೀತದ" ಅಂದ್ರಂತ. ಇಕಿ ನಂಬಿದ್ಲು. ಮೂರು ವಿಷಯ ಮುಗಿಸಿದ ಮ್ಯಾಲೆ ಗೊತ್ತಾತು, ಅವು ಕೆಲಸಕ್ಕ ಹೋಗವರ ಸರ್ಟಿಫಿಕೇಟಿಗೆ ಇದ್ದ ವಿಷಯ, ಇಕಿ ಹೋಗಬೇಕಂದ ಯುನಿವರ್ಸಿಟಿ ಡಿಗ್ರಿಗೆ ಲೆಕ್ಕಕ್ಕ ಬರೂದಿಲ್ಲ ಅಂತ. ಒಂಬತ್ತು ಯೂನಿಟ್ ಹೋದಂಗಾತು. ರೊಕ್ಕ ಹೋಗಿದ್ದಕ್ಕಿಂತ, ಮಗನ್ನ ಬಿಟ್ಟು ಹೋದ ಅಷ್ಟೂ ಸಂಜಿ ಹೋದವಲ್ಲ ಅಂತ ಅತ್ತಳಂತ.

ಆವತ್ತಿನಿಂದ ಅಕಿ ಬಾಯಿಮಾತು ನಂಬೂದು ಬಿಟ್ಲು. ಅಸಿಸ್ಟ್ ಅಂತ ಆ ರಾಜ್ಯದ್ದೇ ಒಂದು ಜಾಲತಾಣ ಅದ. ಅದರಾಗ ನಿಮ್ಮ ಕಾಲೇಜು ಯಾವುದು, ಹೋಗೂ ಯುನಿವರ್ಸಿಟಿ ಯಾವುದು, ಯಾವ ಡಿಗ್ರಿ ಅಂತ ಆರಿಸಿದ್ರ ಇಲ್ಲೀ ಯಾವ ವಿಷಯ ಅಲ್ಲೀ ಯಾವ ವಿಷಯಕ್ಕ ಸಮ ಅಂತ ತೋರಸತದ. ಅಕಿ ಅದನ್ನ ಕಾಗದಕ್ಕ ತಗದು ಫ್ರಿಜ್ಜಿಗೆ ಅಂಟಿಸಿದ್ಲು. ನಾ ಹೋದಾಗ ಹಾಲಿನ ಲೆಕ್ಕದ ಚೀಟಿ ಅಂತ ತಿಳದಿದ್ದೆ. ಒಂದೊಂದು ವಿಷಯ ಮುಗಿದಂಗ ಕೆಂಪು ಪೆನ್ನಿನಿಂದ ಗೀಟು ಹೊಡೀತಿದ್ಲು. ಇನ್ನೂ ಎರಡು ಮಾತು ನೆನಪಿಡ್ರಿ. ಜಾಗಾ ಖಾತ್ರಿ ಅಂದ್ರ ಯುನಿವರ್ಸಿಟಿ ಬಳಗದಾಗ ಎಲ್ಲೆರೆ ಒಂದು ಕಡೆ ಖಾತ್ರಿ, ಮನೀ ಹತ್ರದ ಕ್ಯಾಂಪಸ್ಸಿನಾಗೇ, ಸೋಶಿಯಲ್ ವರ್ಕಿನಾಗೇ ಸಿಗತದಂತ ಅಲ್ಲ. ಮತ್ತ ಆಗಸ್ಟಿನಾಗ ಸೇರಬೇಕಂದ್ರ ಅರ್ಜಿ ಹಾಕೂದು ಹಿಂದಿನ ವರ್ಷದ ಅಕ್ಟೋಬರದಾಗ ಸುರು ಆಗತದ. ಅದನ್ನ ತಪ್ಪಿಸಿಕೊಂಡ್ರ ಒಂದು ವರ್ಷ ದಂಡ.

ಸಂಖ್ಯಾಶಾಸ್ತ್ರ ಅಕಿಗೆ ದೊಡ್ಡ ಗುಡ್ಡ ಆಗಿತ್ತು. "ಮಂದಿ ದುಃಖ ಕೇಳಲಿಕ್ಕೆ ಲೆಕ್ಕಾ ಯಾಕ ಬೇಕಕ್ಕಾ?" ಅಂತ ನನ್ನ ಮುಂದ ಗೊಣಗತಿದ್ಲು. ರಾತ್ರಿ ಊಟದ ಟೇಬಲ್ಲಿನ ಮ್ಯಾಲೆ ಮಗ ಹೇಳಿಕೊಡೂದು, ಇಕಿ ಕಲಿಯೂದು. ಮಗನ ದನಿ ಸ್ವಲ್ಪ ಏರಿದ್ರ ನಾ ಅಡಗಿಮನಿಯಿಂದ ಕೆಮ್ಮತಿದ್ದೆ. ಕಡೀಕೆ ಬಿ ಗ್ರೇಡ್ ಬಂತು. ಅವತ್ತ ನಾ ಹೋಳಿಗಿ ಮಾಡಿದೆ.

ಇನ್ನ ಕಾಕು ಕೇಳಿದ ಪ್ರಶ್ನಿಗೆ ಬರೋಣು. ಸೇವಾ ಮಾಡಲಿಕ್ಕೆ ಡಿಗ್ರಿ ಯಾಕ ಬೇಕು?

ನಮ್ಮ ಮನಿ ಮಂದಿಗೆ ಬ್ಯಾಡ, ಖರೇ. ಅತ್ತೀ ಹಾಸಿಗಿ ಹಿಡದಾಗ ನಾ ಯಾವ ಕ್ಲಾಸಿಗೆ ಹೋಗಿದ್ದೆ? ಆದ್ರ ಮತ್ತೊಬ್ಬರ ಮನ್ಯಾಗ ಕಾಲಿಡೂದು ಬ್ಯಾರೆ. ತಂಗಿ ಒಂದು ದಿನ ಕ್ಲಾಸಿನಾಗಿನ ಅಭ್ಯಾಸದ ಪ್ರಶ್ನಿ ನನಗ ಕೇಳಿದ್ಲು: "ಒಬ್ಬಾಕಿ ಮುದುಕಿ ಒಬ್ಬಾಕೇ ಇರತಾಳ, ಸರಿಯಾಗಿ ಉಣ್ಣೂದಿಲ್ಲ. ನೀ ಆದ್ರ ಏನ ಮಾಡತಿ?" ನಾ ತಟ್ಟನ, "ಬಿಸಿ ಅನ್ನಾ ಸಾರು ಮಾಡಿ ಒಯ್ದು ಕೊಡತೀನಿ" ಅಂದೆ. ಅಕಿ ನಕ್ಕು, "ನಾನೂ ಅದನ್ನ ಬರದಿದ್ದೆ. ನಮ್ಮ ಟೀಚರ್ ಕೆಳಗ ಒಂದೇ ಸಾಲು ಬರದ್ರು: ಅಕಿಗೆ ಏನ ಬೇಕು ಅಂತ ಕೇಳಿದ್ಯಾ?" ಅಂದ್ಲು. ಅಕಿ ಹಲ್ಲು ನೂಸತಿರಬಹುದು, ಕಣ್ಣು ಕಾಣದ ಒಲಿ ಹಚ್ಚಲಿಕ್ಕೆ ಹೆದರತಿರಬಹುದು, ರೊಕ್ಕ ಯಾರರೆ ಕಸಗೊಳತಿರಬಹುದು. ನನಗ ಹೊಳೀಲೇ ಇಲ್ಲ ನೋಡ್ರಿ. ಜೀವಮಾನ ಎಲ್ಲಾರ ಹೊಟ್ಟಿ ತುಂಬಿಸಿದ ನಾವು, ನಿನಗ ಏನ ಬೇಕು ಅಂತ ಕೇಳೂದನ್ನೇ ಮರತೀವೇನೋ ಅನಿಸಿತು.

ಎರಡನೇದು ಬಾಯಿ ಬಿಗಿ ಹಿಡಿಯೂದು. ಅಲ್ಲೀ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ 1960ರಾಗೇ ನೀತಿಸಂಹಿತೆ ಮಾಡ್ಯದ. ಒಬ್ಬರ ಮನೀ ಗುಟ್ಟು ಮತ್ತೊಬ್ಬರಿಗೆ ಹೇಳೂ ಹಂಗಿಲ್ಲ. ಈಗ ಅಕಿ ತರಬೇತಿಗೆ ಹೋಗೂ ಜಾಗಾದಾಗ ಇವತ್ತ ಏನಾತು ಅಂತ ನಾ ಕೇಳಿದ್ರ, "ಅದನ್ನ ಹೇಳೂ ಹಂಗಿಲ್ಲಕ್ಕಾ" ಅಂತಾಳ. ಒಡಹುಟ್ಟಿದ ಅಕ್ಕಗೂ ಇಲ್ಲ! ನಮ್ಮಲ್ಲೆ ಮುಂಜಾನೆ ಒಬ್ಬರ ಮನ್ಯಾಗ ಜಗಳಾದ್ರ ನಾಕರ ಚಹಾಕ್ಕ ಓಣಿ ಪೂರ್ತಿ ಗೊತ್ತಿರತದ, ಹೌದಲ್ರಿ? ಆದ್ರ ಇದಕ್ಕೂ ಮಿತಿ ಅದ. ಕೂಸಿಗೆ ಯಾರರೆ ಹಿಂಸಾ ಕೊಡಲಿಕ್ಕತ್ತಾರ ಅಂತ ಸಂಶಯ ಬಂದ್ರ ಕ್ಯಾಲಿಫೋರ್ನಿಯಾದಾಗ ಸಮಾಜಕಾರ್ಯಕರ್ತರು ಸುಮ್ಮನ ಇರೂ ಹಂಗಿಲ್ಲ, ವರದಿ ಮಾಡಲೇಬೇಕು, ಕಾಯ್ದೆ ಅದು. ಎಲ್ಲೆ ಬಾಯಿ ಮುಚ್ಚಬೇಕು, ಎಲ್ಲೆ ತೆಗೀಬೇಕು ಅಂತ ತಿಳಿಯೂದಕ್ಕ ಮಾಯಾ ಒಂದೇ ಸಾಲೂದಿಲ್ಲರೀ, ಕಲೀಬೇಕಾಗತದ. ನಮ್ಮ ಎಷ್ಟೋ ಮನಿಗಳಾಗ ಇವೆರಡೂ ತಿರುವುಮುರುವು ಆಗ್ಯಾವ. ಬೀದಿಗೆ ಬರಬಾರದ್ದು ಬರತದ, ಹೇಳಲೇಬೇಕಾದ್ದು ಮನೀ ಮರ್ಯಾದಿ ಅಂತ ಮುಚ್ಚಿ ಹೋಗತದ.

ಡಿಗ್ರಿಯೊಳಗ ಬರೇ ಪುಸ್ತಕಾ ಇಲ್ಲ. ಮಾನ್ಯತಾ ಇರೂ ಬ್ಯಾಚುಲರ್ ಡಿಗ್ರಿಗೆ ಕಡಿಮಿ ಅಂದ್ರೂ 400 ತಾಸು ಸಂಸ್ಥೆಯೊಳಗ ಕೆಲಸಾ ಮಾಡಿ ಕಲೀಬೇಕು. ತಂಗಿ ವಾರಕ್ಕ ಎರಡು ದಿನ ಪೂರ್ತಿ ಹೋಗತಾಳ. ಈ ತಾಸಿನ ಸಲುವಾಗಿನೇ ನಮ್ಮ ಮನ್ಯಾಗ ಹೋದ ವರ್ಷ ದೊಡ್ಡ ರಾಮಾಯಣ ಆತು.

ದೀಪಾವಳಿ ಮುಂದ ಅವ್ವ ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರಕೊಂಡ್ಲು. ಆಪರೇಶನ್ ಆತು. ಅಣ್ಣಂದು ಅಂಗಡಿ, ವೈನಿಗೆ ಬ್ಯಾಂಕು. ಎಲ್ಲಾರೂ ತಂಗಿಗೆ ಫೋನ್ ಹಚ್ಚಿದ್ರು: "ನಿನಗ ನೌಕರಿ ಇಲ್ಲ, ಕಾಲೇಜಷ್ಟ, ಮೂರು ತಿಂಗಳು ಬಂದು ಇರು." ಅಣ್ಣನ ಮಗ ಅವಾಗ ಸಿಎ ಪರೀಕ್ಷಾಕ್ಕ ಓದಲಿಕ್ಕತ್ತಿದ್ದ. ಅವನ ಕೋಣಿ ಮುಂದ ಯಾರೂ ಜೋರಾಗಿ ಮಾತಾಡತಿರಲಿಲ್ಲ. ಅಂವಂದು ಪರೀಕ್ಷಾ, ಇಕೀದು ಟೈಮ್‌ಪಾಸ್!

ರಾತ್ರಿ ತಂಗಿ ನನಗ ಫೋನ್ ಮಾಡಿ ಅತ್ತಳು. "ಟಿಕೀಟು ತೆಗೀತೀನಕ್ಕಾ. ಆದ್ರ ನಡುವ ಬಿಟ್ರ ಈ ವರ್ಷದ ತಾಸು ಪೂರಾ ಆಗೂದಿಲ್ಲ, ಮತ್ತ ಮುಂದಿನ ಆಗಸ್ಟಿನಿಂದ ಸುರು ಮಾಡಬೇಕು." ಏಳು ವರ್ಷದ ಹಿಂದ ನಾ ಅಂದ ಮಾತು ನನಗ ನೆನಪಾತು. "ನೀ ಬರಬ್ಯಾಡ. ಅವ್ವನ್ನ ನಾ ನಮ್ಮನಿಗೆ ಕರಕೊಂಡು ಬರತೀನಿ. ಡಿಸೆಂಬರ್ ಸೂಟಿಗೆ ಬಾ" ಅಂದೆ.

ದೊಡ್ಡ ಮನಸ್ಸು ಮಾಡಿದೆ ಅಂತ ಹೇಳಿಕೊಳ್ಳೂದಿಲ್ಲ. ಮೂರು ತಿಂಗಳು ನನ್ನ ಸೊಂಟಾ ಮುರದು ಹೋತು. ರಾತ್ರಿ ಎರಡಕ್ಕ ಅವ್ವನ್ನ ಎಬ್ಬಿಸಿ ಕೂಡಸೂವಾಗ ತಂಗೀ ಮ್ಯಾಲೆ ಸಿಟ್ಟು ಬರಲಿಲ್ಲಂದ್ರ ಸುಳ್ಳಾಗತದ. ಆದ್ರ ಬೆಳಗಾದ ಮ್ಯಾಲೆ ವಿಚಾರ ಮಾಡಿದ್ರ, ಸಿಟ್ಟು ಬರಬೇಕಾದ್ದು ಅಕಿ ಮ್ಯಾಲೆ ಅಲ್ಲ. ಮನ್ಯಾಗ ಯಾರಿಗೆ ಆರಾಮಿಲ್ಲಂದ್ರೂ ಮೊದಲು ನಿಲ್ಲೂದು ಹೆಣ್ಣಮಗಳ ಕೆಲಸಾ ಅನ್ನೂ ಲೆಕ್ಕದ ಮ್ಯಾಲೆ. ಅಣ್ಣಗ ನಾನೇ ಹೇಳಿ, ವಾರದಾಗ ಎರಡು ರಾತ್ರಿ ಅಂವನೇ ಬಂದು ಮಲಗೂ ಹಂಗ ಮಾಡಿದೆ. ಬಂದಾ. ಅವ್ವನ್ನ ಎಬ್ಬಸಲಿಕ್ಕೂ ಕಲತಾ. ಡಿಸೆಂಬರದಾಗ ತಂಗಿ ಮೂರು ವಾರ ಬಂದು, ನನಗ ಒಂದು ರಾತ್ರೀನೂ ಏಳಲಿಕ್ಕೆ ಬಿಡಲಿಲ್ಲ.

ವಿರೋಧ ಮಾಡವರ ಮಾತಿನಾಗ ಖರೇ ಇದ್ದದ್ದನ್ನೂ ಹೇಳತೀನಿ. ಇದರಾಗ ಇಂಜಿನಿಯರ್ ಪಗಾರ ಬರೂದಿಲ್ಲ. ಬ್ಯಾಚುಲರ್ ಆದಕೂಡಲೇ ಮನೋಚಿಕಿತ್ಸಾ ಮಾಡಲಿಕ್ಕೆ ಬರೂದಿಲ್ಲ, ಅದಕ್ಕ ಎಮ್ಮೆಸ್‌ಡಬ್ಲ್ಯೂ ಬೇಕು, ಅದರ ಮ್ಯಾಲೆ ಹಿರಿಯರ ಕೈಕೆಳಗ 3000 ತಾಸಿನ ಅನುಭವ, ಪರೀಕ್ಷಾ, ಆಮ್ಯಾಲೆ ಲೈಸೆನ್ಸ್. ಮಾನ್ಯತಾ ಇದ್ದ ಬ್ಯಾಚುಲರ್ ಡಿಗ್ರಿ ಇದ್ರ ಎಷ್ಟೋ ಕಡೆ ಎರಡು ವರ್ಷದ ಮಾಸ್ಟರ್ಸ್ ಒಂದೇ ವರ್ಷದಾಗ ಮುಗೀತದ, ಅದೊಂದು ಲಾಭ. ಹಿಂಗಾಗಿ ರೊಕ್ಕ ಎಷ್ಟು, ಎಷ್ಟು ವರ್ಷ, ಮಾನ್ಯತಾ ಅದನೋ ಇಲ್ಲೋ ಅಂತ ಕೇಳ್ರಿ, ಅವು ಸರಿಯಾದ ಪ್ರಶ್ನಿ. "ಈ ವಯಸ್ಸಿನಾಗ ಯಾಕ" ಅನ್ನೂದು ಪ್ರಶ್ನಿ ಅಲ್ಲ, ಕಲಿಯೂದು ಬ್ಯಾಡ ಅಂತ ಹೇಳೂ ಇನ್ನೊಂದು ರೀತಿ ಅಷ್ಟ.

ಬರೂ ಮೇ ತಿಂಗಳಾಗ ಅಕಿ ಡಿಗ್ರಿ ಮುಗೀತದ. ಅವ್ವ ಈಗ ವಾಕರ್ ಹಿಡಕೊಂಡು ಅಂಗಳದ ತನಕಾ ಬರತಾಳ. ಮೊನ್ನೆ ವಿಡಿಯೋ ಕಾಲಿನಾಗ ತಂಗಿಗೆ ಮೊದಲು ಕೇಳಿದ್ದೇನು ಗೊತ್ತದನ? "ಎಷ್ಟು ತಾಸು ಉಳದಾವ?" ಅಡಗಿ ಏನು ಅಂತ ಆಮ್ಯಾಲೆ ಕೇಳಿದ್ಲು.

ವೈನಿಯಂದ್ರ, ಮೌಶಿಯಂದ್ರ, ನಿಮ್ಮ ಮನ್ಯಾಗೂ ದೂರದಾಗೋ ಇಲ್ಲೆ ಊರಾಗೋ ಹಿಂಗ ನಡುವಯಸ್ಸಿನಾಗ ಓದಲಿಕ್ಕತ್ತಾಕಿ ಇದ್ರ, ಮುಂದಿನ ಸಲ ಫೋನ್ ಮಾಡಿದಾಗ ನೀವೂ ಹಂಗ ಕೇಳ್ರಿ. ಆ ಕಾಕುನೂ ಇದನ್ನ ಓದತಾರ, ನನಗ ಗೊತ್ತದ. ಕಾಕು, ಪಂಕ್ತಿಯೊಳಗ ಕೊಡಬೇಕಾದ ಉತ್ತರ ಇಲ್ಲೆ ಕೊಟ್ಟೀನಿ, ಸಿಟ್ಟಾಗಬ್ಯಾಡ್ರಿ. ಸಂಕ್ರಾಂತಿಗೆ ಎಳ್ಳು ಬೀರಲಿಕ್ಕೆ ಬರತೀನಿ, ಆವಾಗ ಬೈರಿ.